ಕಾಳಜಿ ಕೇಂದ್ರದಲ್ಲಿ ಗುಳಿಗೆ ಕೊಟ್ಟರೆ ಸಾಕಾ? ನದಿ ದಂಡೆಯವರ ಅನುಭವ ಬೇಕು

ಶಾಲೆಗಂಟೆ

ಮಿರಗದ ಮಳೆ ಹಿಡಿದಿದೆ. ಇನ್ನೆರಡು ತಿಂಗಳು ಕಳೆದರೆ ಮತ್ತೆ ಅದೇ ನೆರೆಯ ಚಿಂತೆ. ಆ ಕಡೆ ಮಹಾರಾಷ್ಟ್ರದ ಉಜನಿ ಡ್ಯಾಂ ತುಂಬಿ ನೀರು ಬಿಟ್ಟರೆ ಸೊನ್ನ ಬ್ಯಾರೇಜಿನ ಗೇಟು ಎತ್ತುತ್ತಾರೆ, ಜನ ಗಂಟುಮೂಟೆ ಹೊತ್ತು ನಮ್ಮ ಶಾಲೆಗೆ ಬರುತ್ತಾರೆ. ಪ್ರತಿ ವರ್ಷ ಬರುತ್ತದೆ ಅಂತಲ್ಲ. ಬಂದಾಗ ಮಾತ್ರ ಹೀಗೇ ಬರುತ್ತದೆ. ನಾನು ಅಫಜಲಪುರ ತಾಲ್ಲೂಕಿನ ಭೀಮಾ ದಂಡೆ ಕಡೆ ಮಾಸ್ತರ. 2020ರ ಅಕ್ಟೋಬರ್‌ನಲ್ಲಿ ನಮ್ಮ ಶಾಲೆ ಕಾಳಜಿ ಕೇಂದ್ರ ಆಗಿತ್ತು. 2025ರ ಸೆಪ್ಟೆಂಬರ್ ಕೊನೆಗೆ ಮತ್ತೆ ಆಯ್ತು.

ಊಟ ಬಂತು, ಚಾಪೆ ಬಂತು, ಟ್ಯಾಂಕರ್ ನೀರು ಬಂತು. ಔಷಧಿಯೂ ಬಂತು. ಸಾಲಲಿಲ್ಲ ಅನ್ನೋ ದೂರು ನನ್ನದಲ್ಲ.

ಎರಡನೇ ದಿನ ಸಂಜೆ 5ನೇ ತರಗತಿ ಕೋಣೆಯಲ್ಲಿ ಒಬ್ಬ ಆಯಿ ತನ್ನ ಚಂಚಿ ಬಿಚ್ಚಿ ಕೂತಿದ್ದಳು. ಎಲೆ, ಅಡಿಕೆ, ಸುಣ್ಣದ ಡಬ್ಬಿ, ತಂಬಾಕು. ಅದರ ನಡುವೆ 11 ಗುಳಿಗೆ. ನಾನೇ ಎಣಿಸಿದೆ. ಸ್ಟ್ರಿಪ್ ಚಂಚಿಯಲ್ಲಿ ಹಿಡಿಯಲ್ಲ ಅಂತ ಮನೆ ಬಿಡುವಾಗ ಎಲ್ಲವನ್ನೂ ಬಿಡಿಸಿ ಸುರಿದುಕೊಂಡಿದ್ದಳು. ಎಲ್ಲವೂ ಬಿಳಿ. ಒಂದಕ್ಕೆ ಸುಣ್ಣ ಮೆತ್ತಿತ್ತು. "ಆಯಿ, ಬಿಪಿದು ಯಾವ್ದು?" ಅಂದೆ. "ಸಣ್ಣದು ಅದಲ್ರಿ ಸರ, ಅದು" ಅಂದಳು. ಸಣ್ಣವು ಮೂರು ಥರ ಇದ್ದವು.

ಅದೇ ದಿನ ಕುಡಿಯೋ ನೀರು ಶುದ್ಧ ಮಾಡೋಕೆ ಹಾಕುವ ಹ್ಯಾಲೋಜನ್ ಗುಳಿಗೆ ಹಂಚಿದ್ದರು. "ಕೊಡದ ನೀರಿಗೆ ಹಾಕ್ರಿ, ತಿಳೀತಾ?" ಅಂದರು ಹಂಚಿದವರು. ಎಲ್ಲರೂ ಹೂಂ ಅಂದರು. ಆಯಿಯೂ ಹೂಂ ಅಂದಳು. ರಾತ್ರಿ ಉಂಡಾದ ಮೇಲೆ ಅದನ್ನೇ ಬಾಯಿಗೆ ಹಾಕಿಕೊಳ್ಳಲು ಹೊರಟಿದ್ದಳು. ಪಕ್ಕದಲ್ಲಿದ್ದ ಹುಡುಗಿ ಕೈ ಹಿಡಿದಳು, ಉಳಿಯಿತು.

ಈ ಸಲ ಊರಿನವರು ಮೊದಲೇ ಒಂದು ಸಭೆ ಮಾಡುತ್ತಿದ್ದಾರೆ. ಔಷಧಿ ಬಗ್ಗೆ ಹೇಳೋಕೆ ನನಗೆ ಅರ್ಧ ಗಂಟೆ ಕೊಟ್ಟಿದ್ದಾರೆ. ನಾನು ಗಣಿತದ ಮಾಸ್ತರ, ಡಾಕ್ಟರ್ ಅಲ್ಲ. ಏನು ಹೇಳಲಿ, ಹೇಗೆ ಹೇಳಲಿ? ತಿಳಿದವರು ಬರೀರಿ.

ಹಳೇ ಕಂಪೌಂಡರ್

ಮಾಸ್ತರ್ರೆ, ಅರ್ಧ ಗಂಟೆ ಭಾಷಣ ಮಾಡಿದರೆ ಹಿಂದಿನ ಸಾಲು ಎದ್ದು ಚಹಾಕ್ಕೆ ಹೋಗುತ್ತದೆ. ಮೊದಲೇ ಹೇಳಿದ್ದೇನೆ, ಆಮೇಲೆ ಬೈಬೇಡಿ.

ಇನ್ನೊಂದು ಮಾತು. ನೀರು ಬಂದ ಮೊದಲ ದಿನ ಯಾರಿಗೂ ಏನೂ ಕಲಿಸೋಕೆ ಹೋಗಬೇಡಿ. ಅವತ್ತು ಜನರಿಗೆ ಬೇಕಾದ್ದು ಒಣ ಬಟ್ಟೆ, ಎಮ್ಮೆ ಎಲ್ಲಿದೆ ಅನ್ನೋ ಸುದ್ದಿ. ಅವತ್ತು ಒಂದೇ ಪ್ರಶ್ನೆ ಸಾಕು: "ದಿನಾ ತಪ್ಪದೆ ನುಂಗೋ ಗುಳಿಗೆ ಯಾರಿಗಿದೆ? ಯಾರ ಹತ್ತಿರ ಖಾಲಿ ಆಗಿದೆ?" ಬಿಪಿ, ಶುಗರ್, ಫಿಟ್ಸ್, ಟಿಬಿ, ಹಾರ್ಟು, ದಮ್ಮು. ಹೆಸರು ಬರೆದು ಆರೋಗ್ಯ ಕೇಂದ್ರದವರ ಕೈಗೆ ಕೊಡಿ. ಕಲಿಸೋದು ನಾಳೆಗಿರಲಿ.

ಕೌಂಟರ್ ಹಿಂದೆ

ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ಔಷಧಿ ಅಂಗಡಿಯಲ್ಲಿ ಕೂತು 14 ವರ್ಷ ಆಯ್ತು. ಕಂಪೌಂಡರ್ ಕಾಕಾ ಹೇಳಿದ್ದು ಸರಿ. ಆದರೆ ಸಭೆ ಇರೋದು ನೀರು ಬರೋ ಮೊದಲು, ಅಲ್ವಾ? ಹಾಗಿದ್ದರೆ ಮೊದಲ ಪಾಠ ಗಂಟು ಕಟ್ಟೋದು.

ಮನೆಗೊಂದು ಔಷಧಿ ಚೀಲ. ಜಿಪ್ ಇರೋ ಪ್ಲಾಸ್ಟಿಕ್ ಕವರ್ ಆಗಲಿ, ಬಿಗಿ ಮುಚ್ಚಳದ ಡಬ್ಬಿ ಆಗಲಿ. ಅದರಲ್ಲಿ ಗುಳಿಗೆ, ಡಾಕ್ಟರ ಚೀಟಿ. ಚೀಟಿ ಇಲ್ಲದಿದ್ದರೆ ಖಾಲಿ ಸ್ಟ್ರಿಪ್ಪೇ ಚೀಟಿ. ನನ್ನ ಕೌಂಟರಿಗೆ "ಬಿಳಿ ಗುಳಿಗೆ, ದುಂಡಗಿರುತ್ತೆ, 20 ರೂಪಾಯಿದು" ಅಂತ ದಿನಕ್ಕೆ ನಾಲ್ಕು ಜನ ಬರುತ್ತಾರೆ. ನಾನು ಏನಂತ ಕೊಡಲಿ? ಖಾಲಿ ಸ್ಟ್ರಿಪ್ ತೋರಿಸಿದರೆ ಎರಡು ನಿಮಿಷದ ಕೆಲಸ. ಮನೆಯಲ್ಲಿ ಯಾರದಾದರೂ ಮೊಬೈಲಿನಲ್ಲಿ ಚೀಟಿ, ಸ್ಟ್ರಿಪ್ ಎರಡರದ್ದೂ ಫೋಟೋ ಇರಲಿ. ಊರಲ್ಲಿರೋ ಫೋನ್ ನೆನೆದು ಹೋದರೂ ಕೆಲಸ ನಿಲ್ಲಬಾರದು. ಆ ಫೋಟೋ ಬೇರೆ ಊರಲ್ಲಿರೋ ಮಗನ ಫೋನಿನಲ್ಲೂ ಇರಲಿ.

ಸ್ಟ್ರಿಪ್ ಕತ್ತರಿಸೋದು ತಪ್ಪಲ್ಲ. ಕತ್ತರಿಸೋ ತುದಿ ಮುಖ್ಯ. ಹೆಸರು, ಎಕ್ಸ್‌ಪೈರಿ ತಾರೀಕು ಅಚ್ಚಾಗಿರೋ ತುದಿ ಕೊನೆಗೆ ಉಳಿಯಬೇಕು. ಆಚೆ ತುದಿಯಿಂದ ಶುರು ಮಾಡಿ. ಗುಳಿಗೆ ಹೊರಗೆ ತೆಗೆಯೋದು ನುಂಗುವಾಗ ಮಾತ್ರ. ಚಂಚಿಯಲ್ಲಿ ಸುಣ್ಣ, ತಂಬಾಕಿನ ಜೊತೆ ಬರೀ ಗುಳಿಗೆ ಇಟ್ಟರೆ ತೇವ ಕುಡಿಯುತ್ತದೆ, ಒಂದಕ್ಕೊಂದು ಬೆರೆಯುತ್ತದೆ. ಆ 11 ಗುಳಿಗೆ ನನ್ನ ಮುಂದೆ ಬಂದಿದ್ದರೆ ನಾನೂ ಗುರುತು ಹಿಡಿಯುತ್ತಿರಲಿಲ್ಲ. ಹಾಗಂತ ಸುಮ್ನೆ ಊಹೆ ಮಾಡಿ ನುಂಗಿಸಬೇಡಿ. ಹೊಸದು ಕೊಡಿಸಿ.

ನೆರೆ ನೀರಿನಲ್ಲಿ ನೆನೆದದ್ದು: ಟಾನಿಕ್ ಬಾಟಲಿ, ಕಣ್ಣಿನ ಹನಿ, ಬಿಡಿ ಗುಳಿಗೆ, ಮುಲಾಮು, ಡಬ್ಬಿಯಲ್ಲಿದ್ದ ಗುಳಿಗೆ, ಎಲ್ಲ ಬಿಸಾಡೋದೇ. ಬಾಟಲಿ ಸೀಲ್ ಇದೆ, ಹೊರಗಡೆ ತೊಳೆದರೆ ಆಯ್ತು ಅಂತ ಅನ್ನಿಸುತ್ತದೆ. ಮುಚ್ಚಳದ ಸಂದಿಯಲ್ಲಿ ಆ ನೀರು ಹೋಗಿರುತ್ತದೆ. ಆ ನೀರಿನಲ್ಲಿ ಏನೇನು ತೇಲಿ ಬಂದಿತ್ತು ಅಂತ ನಿಮಗೇ ಗೊತ್ತು.

ತೊಗರಿ ಕಣಜ

ಬಿಸಾಡಿ ಬಿಸಾಡಿ ಅಂತ ಹೇಳೋದು ಸುಲಭ. ನಮ್ಮ ಅಪ್ಪನ ಹಾರ್ಟಿನ ಗುಳಿಗೆ ತಿಂಗಳಿಗೆ ಎಷ್ಟಾಗುತ್ತೆ ಗೊತ್ತಾ? ತೊಗರಿ ಹೊಲ ನೀರಲ್ಲಿ, ಮೇಲಿಂದ ಇದ್ದ ಔಷಧಿಯೂ ಬಿಸಾಡಬೇಕಾ? 2020ರಲ್ಲಿ ನಾವು ಸ್ಟ್ರಿಪ್ ಒರೆಸಿ ಒಣಗಿಸಿ ನುಂಗಿಸಿದ್ದೇವೆ. ಅಪ್ಪ ಗಟ್ಟಿ ಇದ್ದಾರೆ.

ಕೌಂಟರ್ ಹಿಂದೆ

ತೊಗರಿಯಣ್ಣ, ನೀವು ಮಾಡಿದ್ದು ಪೂರ್ತಿ ತಪ್ಪೂ ಅಲ್ಲ. ನಾನು ಆ ಮಾತು ಬಿಟ್ಟಿದ್ದೆ. ಹಾರ್ಟು, ಫಿಟ್ಸ್ ಥರದ ಜೀವ ಉಳಿಸೋ ಗುಳಿಗೆ, ನಿಲ್ಲಿಸೋಕೆ ಬರಲ್ಲ. ಹೊರಗಿನ ಕವರ್ ನೆನೆದಿದೆ, ಒಳಗೆ ಪ್ರತಿ ಗುಳಿಗೆಯ ಗುಳ್ಳೆ ಹಾಗೇ ಮುಚ್ಚಿದೆ, ಗುಳಿಗೆ ಒಣಗಿದೆ, ಬಣ್ಣ ಬದಲಾಗಿಲ್ಲ ಅಂದರೆ ಹೊಸದು ಸಿಗೋವರೆಗೆ ಅದನ್ನೇ ನುಂಗಬಹುದು. ನಿಲ್ಲಿಸೋದಕ್ಕಿಂತ ಅದು ವಾಸಿ. ಆದರೆ ಅದು ಎರಡು ದಿನದ ಮಾತು, ತಿಂಗಳದ್ದಲ್ಲ. ಗುಳ್ಳೆ ಹರಿದಿದ್ದರೆ, ಗುಳಿಗೆ ಮೆತ್ತಗಾಗಿದ್ದರೆ ಮುಗಿಯಿತು.

ದುಡ್ಡಿನ ವಿಷಯಕ್ಕೆ: ಬಿಪಿ, ಶುಗರಿನ ಸಾಮಾನ್ಯ ಗುಳಿಗೆಗಳು ಸರಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತವೆ. ಕೊಳ್ಳೋದಾದರೆ ಜನೌಷಧಿ ಕೇಂದ್ರದಲ್ಲಿ ಅದೇ ಔಷಧಿ ಬಹಳ ಕಡಿಮೆಗೆ ಬರುತ್ತದೆ. ನನ್ನ ಅಂಗಡಿ ವ್ಯಾಪಾರಕ್ಕೆ ನಾನೇ ಕಲ್ಲು ಹಾಕಿಕೊಂಡೆ, ಇರಲಿ.

ಗುಲಾಬಿ ಸೀರೆ

ಶಹಾಪುರ ತಾಲ್ಲೂಕು, ಆಶಾ ಕಾರ್ಯಕರ್ತೆ. ನಮಗೆ ಎರಡು ಕಡೆಯ ನೀರು, ಕೃಷ್ಣೆಯದ್ದೂ ಇದೆ ಭೀಮೆಯದ್ದೂ ಇದೆ. ಮಾಸ್ತರ ಬರೆದ ಹೂಂ ಓದಿ ನಗು ಬಂತು. ನಾನು ಆ ಹೂಂ ಕೇಳಿ ಕೇಳಿ ಸಾಕಾಗಿ ಈಗ "ತಿಳೀತಾ" ಅಂತ ಕೇಳೋದೇ ಬಿಟ್ಟಿದ್ದೇನೆ. ನಮ್ಮ ಕಡೆ ದೊಡ್ಡವರ ಮುಂದೆ, ಡಾಕ್ಟರ ಮುಂದೆ ತಿಳಿಲಿಲ್ಲ ಅನ್ನೋದು ಅವಮಾನ. ಹೂಂ ಅಂದರೆ "ನೀವು ಹೇಳಿದ್ದು ಕೇಳಿಸಿತು, ಇನ್ನು ಹೋಗ್ರಿ" ಅಂತ ಅರ್ಥ.

ನಾನು ಹೀಗೆ ಕೇಳುತ್ತೇನೆ: "ಯವ್ವಾ, ಈಗ ನಾ ಹೋಗ್ತೀನಿ. ಸೊಸಿ ಬಂದು ಈ ಗುಳಗಿ ಹೆಂಗಂತ ಕೇಳ್ತಾಳ. ಆಕಿಗೆ ಏನಂತ ಹೇಳ್ತಿ?" ಆಗ ನೋಡಿ ಹೊರಗೆ ಬರುತ್ತದೆ. ಹೋದ ಸಲ ಒಬ್ಬಾಕೆಗೆ ಭೇದಿಗೆ ಕುಡಿಸೋ ಓಆರ್‌ಎಸ್ ಕೊಟ್ಟು, ಒಂದು ಲೀಟರ್ ನೀರು ಅಂತ ಮೂರು ಸಲ ಹೇಳಿದ್ದೆ. ಸೊಸೆಗೆ ಹೇಳು ಅಂದರೆ ಆಕೆ ಹೇಳಿದ್ದು, "ಒಂದು ಗ್ಲಾಸಿಗೆ ಒಂದು ಚೀಟು." ಯಾಕವ್ವಾ ಅಂದರೆ, "ಗಟ್ಟಿ ಇದ್ರ ಲಗೂ ಆರಾಮ ಆಗ್ತದಲ್ಲ ಅಕ್ಕೋರೆ."

ತಪ್ಪು ಆಕೆಯದ್ದಲ್ಲ, ಲೀಟರ್ ಅನ್ನೋದು ಆಕೆಯ ಮನೆಯಲ್ಲಿ ಇಲ್ಲದ ಅಳತೆ. ಅವತ್ತಿನಿಂದ ನೀರು ಮಾರೋ ಒಂದು ಲೀಟರ್ ಬಾಟಲಿಯನ್ನ ತೊಳೆದು ಕೈಯಲ್ಲಿ ಹಿಡಿದೇ ಹೋಗುತ್ತೇನೆ. ದೊಡ್ಡ ಪ್ಯಾಕೆಟ್ ಪೂರ್ತಿ ಈ ಬಾಟಲಿಗೆ, ಅರ್ಧ ಮಾಡೋ ಹಾಗಿಲ್ಲ. ಕುದಿಸಿ ಆರಿಸಿದ ನೀರು. ಸಕ್ಕರೆ, ಉಪ್ಪು, ಹಾಲು ಏನೂ ಮೇಲೆ ಸೇರಿಸೋ ಹಾಗಿಲ್ಲ. ಇವತ್ತು ಕಲಸಿದ್ದು ನಾಳೆ ಇದೇ ಹೊತ್ತಿಗೆ ಚೆಲ್ಲಬೇಕು. 200 ಮಿಲಿಯ ಸಣ್ಣ ಪ್ಯಾಕೆಟ್ಟೂ ಬರುತ್ತವೆ, ಅದು ಗ್ಲಾಸಿಗೇ. ಎರಡೂ ಒಂದೇ ಡಬ್ಬದಲ್ಲಿ ಹಂಚಿದರೆ ಗಲಾಟೆ ಖಾತ್ರಿ. ಗಟ್ಟಿಯಾಗಿ ಕಲಸಿದ್ದನ್ನ ಕೂಸಿಗೆ ಕುಡಿಸಿದರೆ ಮೈಯಲ್ಲಿ ಉಪ್ಪು ಜಾಸ್ತಿಯಾಗಿ ಫಿಟ್ಸೇ ಬರಬಹುದು.

ಜಿಂಕ್ ಗುಳಿಗೆ ಬೇರೆ ಕಥೆ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ, 14 ದಿನ. ಎರಡರಿಂದ ಆರು ತಿಂಗಳ ಕೂಸಿಗೆ ಅದರ ಅರ್ಧ. ಭೇದಿ ಮೂರನೇ ದಿನಕ್ಕೆ ನಿಲ್ಲುತ್ತದೆ, ಉಳಿದ 11 ದಿನದ ಗುಳಿಗೆ ಕಿಟಕಿ ಮೇಲೆ ಉಳಿಯುತ್ತದೆ. ನಾನು ಗೋಡೆ ಮೇಲೆ ಸೀಮೆಸುಣ್ಣದಿಂದ 14 ಗೆರೆ ಎಳೆದು ಬರುತ್ತೇನೆ. ದಿನಕ್ಕೊಂದು ಗೆರೆ ಹೊಡೆದು ಹಾಕೋದು ಅಣ್ಣನ ಕೆಲಸ, ಅಕ್ಕನ ಕೆಲಸ. ಮಕ್ಕಳಿಗೆ ಕೊಟ್ಟರೆ ಮರೆಯಲ್ಲ ಅವು.

ಊರು ಬಿಟ್ಟವ

ನಾನು ಬೆಂಗಳೂರಲ್ಲಿ, ಅವ್ವ ಜೇವರ್ಗಿ ಕಡೆ ಊರಲ್ಲಿ. ಅವ್ವಗೆ ಇನ್ಸುಲಿನ್. ಹೋದ ಸಲ ಕರೆಂಟ್ ಹೋಗಿ ಎರಡು ದಿನ ಫ್ರಿಜ್ ಬಂದ್. ಅಣ್ಣ ಹೆದರಿ ಬಾಟಲಿಯನ್ನ ಐಸಿನ ಡಬ್ಬಿಯಲ್ಲಿ ಹೂತಿಟ್ಟ. ಆಮೇಲೆ ಅದನ್ನ ಕೊಡಬೇಕಾ ಬೇಡವಾ ಅಂತ ಮನೆಯಲ್ಲಿ ಜಗಳ. ಈ ವರ್ಷ ಏನು ಮಾಡಬೇಕು? ಯಾರಾದರೂ ಬಿಡಿಸಿ ಹೇಳಿ.

ಮಾಂಜ್ರಾ ಸಿಸ್ಟರ್

ಬೀದರ್ ಕಡೆ ನರ್ಸ್ ನಾನು. ಮಾಂಜ್ರಾ ದಂಡೆ ಊರುಗಳಿಗೆ ಡ್ಯೂಟಿ ಹಾಕಿದಾಗ ಅತಿ ಜಾಸ್ತಿ ಕೇಳಿದ ಪ್ರಶ್ನೆ ಇದೇ.

ಇನ್ಸುಲಿನ್‌ಗೆ ಬಿಸಿಗಿಂತ ಹಿಮದ ಹೆದರಿಕೆ ಜಾಸ್ತಿ. ಗಟ್ಟಿಯಾಗಿ ಹೆಪ್ಪುಗಟ್ಟಿತು ಅಂದರೆ ಕರಗಿದ ಮೇಲೆ ನೋಡೋಕೆ ಚೆನ್ನಾಗಿದ್ದರೂ ಅದು ಹೋಯಿತು, ಬಿಸಾಡಿ. ಐಸಿಗೆ ನೇರ ತಾಗಿಸಬೇಡಿ. ಫ್ರಿಜ್ಜಿನಲ್ಲೂ ಮೇಲಿನ ಐಸ್ ಖಾನೆ ಹತ್ತಿರ ಬೇಡ. ಹೊಸ ಬಾಟಲಿ 2ರಿಂದ 8 ಡಿಗ್ರಿಯಲ್ಲಿ. ಸೂಜಿ ಚುಚ್ಚಿ ಶುರು ಮಾಡಿದ ಬಾಟಲಿ ತಂಪು ಜಾಗದಲ್ಲಿ ಹೊರಗೇ ಸುಮಾರು 28 ದಿನ ನಡೆಯುತ್ತದೆ. ಬಾಟಲಿ ಮೇಲೆ ಶುರು ಮಾಡಿದ ತಾರೀಕು ಪೆನ್ನಿನಲ್ಲಿ ಬರೆಯಿರಿ. ಎರಡು ದಿನ ಕರೆಂಟ್ ಹೋಯಿತು ಅಂತ ಗಾಬರಿ ಬೇಡ. ಕೀನ್ಯಾದ ದಾಗಹಲೇ ನಿರಾಶ್ರಿತರ ಶಿಬಿರದ ಬಿಸಿಲನ್ನ ಲೆಕ್ಕ ಹಾಕಿ ಜಿನೀವಾ ವಿಶ್ವವಿದ್ಯಾಲಯದವರು, ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್‌ನವರು ಪರೀಕ್ಷೆ ಮಾಡಿ 2021ರಲ್ಲಿ ಪ್ರಕಟಿಸಿದ್ದಾರೆ. 25ರಿಂದ 37 ಡಿಗ್ರಿ ನಡುವೆ ಏರಿಳಿದರೂ ನಾಲ್ಕು ವಾರ ಇನ್ಸುಲಿನ್ ಕೆಲಸ ಮಾಡಿತು. ನಮ್ಮ ಮೇ ತಿಂಗಳ ಪತ್ರಾಸ್ (ತಗಡಿನ) ಮನೆಗೆ ಈ ಲೆಕ್ಕ ಹಿಡಿಯಲ್ಲ, ಅದು 37 ದಾಟುತ್ತದೆ. ಸೆಪ್ಟೆಂಬರ್ ಶಾಲೆ ಕೋಣೆಗೆ ಸಾಕು.

ಇನ್ನೂ ತಂಪು ಬೇಕಂದರೆ ಎರಡು ಮಣ್ಣಿನ ಗಡಿಗೆ. ದೊಡ್ಡದರೊಳಗೆ ಸಣ್ಣದು, ನಡುವೆ ಒದ್ದೆ ಉಸುಕು, ಮೇಲೆ ಒದ್ದೆ ಬಟ್ಟೆ. ಗಾಳಿ ಆಡೋ ನೆರಳಲ್ಲಿಡಿ, ಉಸುಕಿಗೆ ದಿನಕ್ಕೆರಡು ಸಲ ನೀರು. ಇನ್ಸುಲಿನ್ ಬಾಟಲಿ ಪ್ಲಾಸ್ಟಿಕ್ ಕವರಿನಲ್ಲಿರಲಿ, ಲೇಬಲ್ ನೆನೆಯಬಾರದು. ಜಿಟಿಜಿಟಿ ಮಳೆ ಹಿಡಿದ ದಿನ ಇದು ಅಷ್ಟು ತಂಪಾಗಲ್ಲ, ಒಣಹವೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.

ಈಗ ನಾನು ನಿಜವಾಗಿ ಹೆದರೋ ವಿಷಯ. ಸಿರಿಂಜು. ನಮ್ಮಲ್ಲಿ ಇನ್ಸುಲಿನ್ ಬಾಟಲಿ ಎರಡು ಥರ: ಒಂದು ಮಿಲಿಗೆ 40 ಯೂನಿಟ್ ಇರೋದು, 100 ಯೂನಿಟ್ ಇರೋದು. 40ರ ಸಿರಿಂಜಿಗೆ ಕೆಂಪು ಟೊಪ್ಪಿಗೆ, 100ರದ್ದಕ್ಕೆ ಕಿತ್ತಳೆ ಟೊಪ್ಪಿಗೆ. ಮನೆಯಲ್ಲಿ ಜೋಡಿ ಸರಿ ಇರುತ್ತದೆ. ನೆರೆಯಲ್ಲಿ ಸಿರಿಂಜು ಹೋಗುತ್ತವೆ, ಯಾರೋ ಪುಣ್ಯಾತ್ಮರು ಬೇರೆ ಥರದ್ದು ತಂದು ಕೊಡುತ್ತಾರೆ. 40ರ ಬಾಟಲಿಯಿಂದ 100ರ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಮೈಗೆ ಹೋಗೋದು 8 ಯೂನಿಟ್. ಶುಗರ್ ಏರುತ್ತದೆ. ಉಲ್ಟಾ ಆದರೆ? 100ರ ಬಾಟಲಿ, 40ರ ಸಿರಿಂಜು, ಅದೇ 20ರ ಗೆರೆ: 50 ಯೂನಿಟ್. ಅದರಲ್ಲಿ ಜೀವವೇ ಹೋಗಬಹುದು. ಓದು ಬರದವರಿಗೂ ಬಣ್ಣ ಗೊತ್ತಲ್ಲ. ಬಾಟಲಿಗೆ ಒಂದು ಕೆಂಪು ದಾರ ಕಟ್ಟಿ, ಕೆಂಪು ದಾರಕ್ಕೆ ಕೆಂಪು ಟೊಪ್ಪಿಗೆ ಅಂತ ಹೇಳಿಕೊಡಿ. 40ರ ಬಾಟಲಿಗೆ ಮಾತ್ರ ಆ ದಾರ, ಮರೀಬೇಡಿ.

ಬಳಸಿದ ಸೂಜಿಯನ್ನ ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿ ಮಾಡಿ. ಕಾಳಜಿ ಕೇಂದ್ರದಲ್ಲಿ ಎಲ್ಲರೂ ಬರಿಗಾಲಲ್ಲಿ ಓಡಾಡುತ್ತಾರೆ.

ಹಳೇ ಕಂಪೌಂಡರ್

ಸಿಸ್ಟರ್ ಪುಣ್ಯಾತ್ಮರು ಅಂದದ್ದಕ್ಕೆ ನೆನಪಾಯ್ತು. 1993ರ ಸೆಪ್ಟೆಂಬರ್ 30ಕ್ಕೆ ಕಿಲ್ಲಾರಿ ಭೂಕಂಪ. ನಾನಾಗ ಹುಡುಗ, ಲಾರಿ ಹತ್ತಿ ಉಮರ್ಗಾ ಕಡೆ ಹೋಗಿದ್ದೆ. ಔಷಧಿ ರಟ್ಟಿನ ಪೆಟ್ಟಿಗೆ ಬಿಚ್ಚಿ ಬೇರೆ ಮಾಡೋ ಕೆಲಸ ಸಿಕ್ಕಿತು. ಅರ್ಧ ಕುಡಿದ ಟಾನಿಕ್ ಬಾಟಲಿ, ಮೂರು ಗುಳಿಗೆ ಉಳಿದ ಸ್ಟ್ರಿಪ್, ಬಣ್ಣ ಹೋದ ಮುಲಾಮು. ಮನೆ ಕಪಾಟು ಖಾಲಿ ಮಾಡಿ ದಾನ ಮಾಡಿದ್ದರು. ನಾಲ್ಕು ಜನ ಎರಡು ದಿನ ಕೂತು ಬೇರೆ ಮಾಡಿದೆವು. ಉಪಯೋಗಕ್ಕೆ ಬಂದದ್ದು ಒಂದು ಪೆಟ್ಟಿಗೆ.

ಈಗಲೂ ವಾಟ್ಸಾಪಿನಲ್ಲಿ "ಮನೆಯಲ್ಲಿರೋ ಔಷಧಿ ಕೊಡಿ" ಅಂತ ಸಂದೇಶ ಬರುತ್ತವೆ. ಕೊಡಬೇಡಿ. ದಾನದ ಔಷಧಿಗೆ ಕನಿಷ್ಠ ಒಂದು ವರ್ಷ ಆಯುಷ್ಯ ಬಾಕಿ ಇರಬೇಕು, ಯಾರಿಗೋ ಕೊಟ್ಟು ವಾಪಸ್ ಬಂದದ್ದು ಇರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಕೊಡೋ ಮನಸ್ಸಿದ್ದರೆ ಏನು ಬೇಕು ಅಂತ ಆರೋಗ್ಯ ಕೇಂದ್ರದವರನ್ನ ಕೇಳಿ ಕೊಳ್ಳಿ. ಇಲ್ಲವಾ, ಮುಚ್ಚಳ ಇರೋ ಡಬ್ಬಿ ಕೊಡಿ.

ಬಿಸಿಲೂರು

ನಾನು ಬರೀ ಓದುತ್ತಿದ್ದೆ, ಒಂದು ಪ್ರಶ್ನೆ. ಕೇರಳದಲ್ಲಿ 2018ರ ನೆರೆ ಆದಾಗ ಇಲಿ ಜ್ವರ ಬರಬಾರದು ಅಂತ ಡಾಕ್ಸಿಸೈಕ್ಲಿನ್ ಗುಳಿಗೆ ಹಂಚಿದ್ದರು ಅಂತ ಓದಿದ್ದೆ. ನಾವೂ ಮೊದಲೇ ತಂದಿಟ್ಟುಕೊಂಡರೆ ಹೇಗೆ? ಮಕ್ಕಳು ಇಡೀ ದಿನ ಆ ಕೆಸರಲ್ಲೇ ಇರುತ್ತವೆ.

ಕೌಂಟರ್ ಹಿಂದೆ

ಹಂಚಿದ್ದು ನಿಜ. ಕೆಸರು ನೀರಲ್ಲಿ ಕೆಲಸ ಮಾಡೋ ದೊಡ್ಡವರಿಗೆ ವಾರಕ್ಕೊಮ್ಮೆ 200 ಮಿ.ಗ್ರಾಂ, ಡಾಕ್ಟರ ಲೆಕ್ಕದಲ್ಲಿ. ನೀವೇ ತಂದಿಟ್ಟುಕೊಂಡು ಹಂಚಬೇಡಿ. ಸ್ಟ್ರಿಪ್ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ ನೋಡಿ. ಆ ಗೆರೆ ಇದ್ದರೆ ಡಾಕ್ಟರ ಚೀಟಿ ಬೇಕು ಅಂತ ಅರ್ಥ. ಬಸುರಿಯರಿಗೆ ಈ ಗುಳಿಗೆ ಬೇಡ, ಎಂಟು ವರ್ಷದೊಳಗಿನ ಮಕ್ಕಳಿಗೂ ಸುಮ್ನೆ ಕೊಡೋ ಹಾಗಿಲ್ಲ. ದೊಡ್ಡವರಿಗೆ ಕೊಟ್ಟರೂ ಉಂಡ ಮೇಲೆ, ಕೂತುಕೊಂಡು, ತುಂಬಿದ ಗ್ಲಾಸು ನೀರಿನ ಜೊತೆ ನುಂಗಬೇಕು. ಒಂದು ಗುಟುಕು ನೀರಲ್ಲಿ ನುಂಗಿ ಚಾಪೆ ಮೇಲೆ ಮಲಗಿದರೆ ಅನ್ನನಾಳದಲ್ಲಿ ಅಂಟಿ ಸುಡುತ್ತದೆ. ಕೆಸರಲ್ಲಿ ಓಡಾಡಿದ ಮೇಲೆ ಜ್ವರ, ಮೈಕೈ ನೋವು, ಕಣ್ಣು ಕೆಂಪು ಕಂಡರೆ ಕಾಯದೆ ತೋರಿಸಿ.

ಗುಲಾಬಿ ಸೀರೆ

ಮಕ್ಕಳ ವಿಷಯ ಬಂತಲ್ಲ, ನನ್ನದೂ ಇನ್ನೆರಡು.

ಒಂದು, ಜ್ವರದ ಔಷಧಿ. ಪ್ಯಾರಾಸಿಟಮಾಲ್ ಹನಿ ಔಷಧಿ ಬೇರೆ, ಸಿರಪ್ ಬೇರೆ. ಹನಿಯದ್ದು ಗಟ್ಟಿ. ಒಂದು ಮಿಲಿಯಲ್ಲಿ 100 ಮಿ.ಗ್ರಾಂ ಇರುತ್ತದೆ. ಮಾಮೂಲು ಸಿರಪ್ ಐದು ಮಿಲಿಗೆ 120 ಇರುತ್ತದೆ, 250ರದ್ದೂ ಬರುತ್ತದೆ. ಹನಿ ಬಾಟಲಿಯ ಪಿಳ್ಳೆ (ಡ್ರಾಪರ್) ಕಳೆದುಹೋಗಿ ಚಮಚದಲ್ಲಿ ಐದು ಮಿಲಿ ಹಾಕಿದರೆ 500 ಮಿ.ಗ್ರಾಂ, ದೊಡ್ಡವರ ಒಂದು ಗುಳಿಗೆ. ಅದಕ್ಕೆ ನಾನು ಕಾಳಜಿ ಕೇಂದ್ರದಲ್ಲಿ ಹನಿ ಬಾಟಲಿ ಕೊಡುವಾಗ ಪಿಳ್ಳೆಯನ್ನ ದಾರದಿಂದ ಬಾಟಲಿಗೇ ಕಟ್ಟಿ ಕೊಡುತ್ತೇನೆ. ಅಡುಗೆ ಚಮಚ ಅಳತೆ ಅಲ್ಲ. ಮುಚ್ಚಳದ ಜೊತೆ ಬರೋ ಅಳತೆ ಕಪ್ಪೇ ಅಳತೆ.

ಎರಡು, ಬಸುರಿಯರ ಕೆಂಪು ಕಬ್ಬಿಣದ ಗುಳಿಗೆ. ಶಾಲೆಯಲ್ಲಿ ಐದರಿಂದ ಒಂಬತ್ತು ವರ್ಷದವರಿಗೆ ಕೊಡೋದು ತಿಳಿಗುಲಾಬಿ, ದೊಡ್ಡ ಮಕ್ಕಳಿಗೆ ನೀಲಿ, ಹೆಂಗಸರಿಗೆ ಕೆಂಪು. ಬಣ್ಣ ಬಣ್ಣದ, ನುಣ್ಣಗಿನ ಗುಳಿಗೆ. ಪೆಪ್ಪರಮಿಂಟೇ ಅನ್ನಬೇಕು. ಎರಡು ವರ್ಷದ ಕೂಸು ಕೈತುಂಬ ನುಂಗಿದರೆ ಅದು ವಿಷ, ಜೀವಕ್ಕೇ ಕುತ್ತು. ಮನೆಯಲ್ಲಾದರೆ ಗೂಡು ಇರುತ್ತದೆ, ಮೇಲೆ ಇಡುತ್ತೇವೆ. ಶಾಲೆ ಕೋಣೆಯಲ್ಲಿ ಎಲ್ಲರ ಗಂಟೂ ನೆಲದ ಮೇಲೆ. ಮಾಸ್ತರ್ರೆ, ನಿಮ್ಮ ಕೋಣೆಯ ಗೋಡೆಗೆ ನಕಾಶೆ ತೂಗು ಹಾಕೋ ಮೊಳೆ ಇರುತ್ತವಲ್ಲ, ಅವುಗಳನ್ನ ನಮಗೆ ಬಿಟ್ಟುಕೊಡಿ. ದೊಡ್ಡವರ ಕೈಗೆ ಸಿಗೋ ಎತ್ತರ. ಮೊಳೆಗೊಂದು ಮನೆ, ಮನೆಗೊಂದು ಚೀಲ.

ಮಕ್ಕಳಿಗೆ ಗುಳಿಗೆ ನುಂಗಿಸೋಕೆ "ಚಾಕ್ಲೇಟು, ತಗೋ" ಅನ್ನೋರಿಗೆ ನನ್ನ ಕೈಯಲ್ಲಿ ಬೈಗುಳ ಇದ್ದೇ ಇದೆ.

ಮಾಂಜ್ರಾ ಸಿಸ್ಟರ್

ಊಟದ ವೇಳೆ ಬಗ್ಗೆ ಯಾರೂ ಬರೆಯಲಿಲ್ಲ. ಮನೆಯಲ್ಲಿ ಮುಂಜಾನೆ ಎಂಟಕ್ಕೆ ರೊಟ್ಟಿ ತಿಂದು ಶುಗರ್ ಗುಳಿಗೆ ನುಂಗೋರು, ಕಾಳಜಿ ಕೇಂದ್ರದಲ್ಲೂ ಎಂಟಕ್ಕೆ ನುಂಗುತ್ತಾರೆ. ಅನ್ನ ಬರೋದು 11ಕ್ಕೆ. ಗ್ಲಿಮೆಪಿರೈಡ್ ಥರದ ಗುಳಿಗೆಗೆ ಈ ಮೂರು ಗಂಟೆ ಸಾಕು, ಬೆವತು ನಡುಗಿ ಬೀಳುತ್ತಾರೆ. ಇನ್ಸುಲಿನ್ ತಗೊಳ್ಳೋರೂ ಅಷ್ಟೇ. ನಾನು ಹೇಳೋದು ಒಂದೇ: ತಟ್ಟೆ ಕೈಗೆ ಬರೋವರೆಗೆ ಶುಗರ್ ಗುಳಿಗೆ ಬಾಯಿಗೆ ಬೇಡ. ಅಕಸ್ಮಾತ್ ಬೆವತು ನಡುಗಿದರೆ, ಎಚ್ಚರ ಇದ್ದರೆ, ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ, ಜೊತೆಗೆ 108. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ.

ವಾಂತಿ ಭೇದಿ ಹತ್ತಿದವರು ಶುಗರಿನ ಮೆಟ್‌ಫಾರ್ಮಿನ್, ಉಚ್ಚೆ ಜಾಸ್ತಿ ಮಾಡೋ ಬಿಪಿ ಗುಳಿಗೆ ನುಂಗೋ ಮೊದಲು ನಮ್ಮನ್ನ ಕೇಳಬೇಕು. ಮೈ ಒಣಗಿದಾಗ ಅವು ಕಿಡ್ನಿಗೆ ತೊಂದರೆ ಮಾಡಬಹುದು. ಫೋನಿನಲ್ಲಿ ಕೇಳೋಕೆ ಆರೋಗ್ಯ ಸಹಾಯವಾಣಿ 104 ಇದೆ.

ತೊಗರಿ ಕಣಜ

ಟಿಬಿ ಗುಳಿಗೆ ಬಗ್ಗೆ ನಾನು ಹೇಳಬಲ್ಲೆ, ನಮ್ಮ ಮನೆಯಲ್ಲೇ ಆಗಿತ್ತು. ತಮ್ಮ ಕಾಳಜಿ ಕೇಂದ್ರದಲ್ಲಿ ನಾಲ್ಕು ದಿನ ನುಂಗಲಿಲ್ಲ. ಗುಳಿಗೆ ಇತ್ತು, ಚೀಲದಲ್ಲೇ ಇತ್ತು. ಎಲ್ಲರ ಮುಂದೆ ತೆಗೆಯೋಕೆ ನಾಚಿಕೆ. ಪಕ್ಕದ ಚಾಪೆಯವರು ಎದ್ದು ಹೋಗುತ್ತಾರೆ ಅಂತ. ನೀವೆಲ್ಲ ಚೀಲ, ದಾರ, ಮೊಳೆ ಅಂತ ಬರೆದಿರಿ. ಗೋಡೆಗೆ ತೂಗು ಹಾಕಿದರೆ ಯಾರ ಮನೆಗೆ ಯಾವ ರೋಗ ಅಂತ ಊರಿಗೇ ತಿಳಿಯಲ್ವಾ?

ಗುಲಾಬಿ ಸೀರೆ

ಅಣ್ಣಾ, ಇದು ನನಗೆ ಹೊಳೆದಿರಲಿಲ್ಲ. ಒಳಗೆ ಕಾಣದ ಬಟ್ಟೆ ಚೀಲ ಮಾಡಬೇಕು ಹಾಗಾದರೆ. ಟಿಬಿಯವರದ್ದು, ಬೇಕಂದವರದ್ದು ಹೆಡ್ ಮಾಸ್ತರ ಕೋಣೆ ಕಪಾಟಿನಲ್ಲಿ. ದಿನಾ ಒಂದು ಹೊತ್ತಿಗೆ "ಸಹಿ ಮಾಡೋದಿದೆ ಬಾ" ಅಂತ ಕರೆದು ಅಲ್ಲೇ ನುಂಗಿಸೋದು. ಊರು ಬಿಟ್ಟು ಬೇರೆ ತಾಲ್ಲೂಕಿಗೆ ಹೋದರೂ ಟಿಬಿಯವರಿಗೆ ಸರಕಾರ ಕೊಡೋ ನಿಕ್ಷಯ್ ನಂಬರ್ ಇದ್ದರೆ ಅಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ಗುಳಿಗೆ ಮುಂದುವರಿಸಬಹುದು. ಸಹಾಯವಾಣಿ 1800 11 6666.

ಶಾಲೆಗಂಟೆ

ಎರಡು ವಾರ ಆಯ್ತು, ಸಭೆ ಮುಗಿಯಿತು. ವರದಿ ಒಪ್ಪಿಸುತ್ತೇನೆ.

ಭಾಷಣ ಮಾಡಲಿಲ್ಲ. ಮೂರು ಮೇಜು ಹಾಕಿದೆ. ಒಂದರ ಮೇಲೆ ಲೀಟರ್ ಬಾಟಲಿ, ಗ್ಲಾಸು, ಓಆರ್‌ಎಸ್. ಒಂದರ ಮೇಲೆ ಹ್ಯಾಲೋಜನ್ ಗುಳಿಗೆ, ಪ್ಯಾರಾಸಿಟಮಾಲ್, ಜಿಂಕ್, ಮೂರೂ ಬಿಳಿ. ಇನ್ನೊಂದರ ಮೇಲೆ ಕೊಡ. ಮಾತಾಡಿದ್ದು 7ನೇ ತರಗತಿ ಹುಡುಗಿಯರು. ದೊಡ್ಡವರನ್ನ ಒಬ್ಬೊಬ್ಬರನ್ನೇ ಕರೆದು "ಸೊಸಿಗೆ ಹೇಳ್ರಿ" ಅಂತ ಆಟ ಆಡಿಸಿದರು. ಸೊಸೆಯಂದಿರು ಹಿಂದೆ ನಿಂತು ನಗುತ್ತಿದ್ದರು. ಅತ್ತೆಯಂದಿರು ತಪ್ಪಬಾರದು ಅಂತ ಹಟಕ್ಕೆ ಬಿದ್ದರು. ಅಲ್ಲೂ ಒಬ್ಬ ಮುತ್ಯಾ ಓಆರ್‌ಎಸ್ ಗ್ಲಾಸಿಗೇ ಸುರಿದರು. ಹ್ಯಾಲೋಜನ್ ಸ್ಟ್ರಿಪ್ಪಿಗೆ ಹುಡುಗಿಯರು ಕೊಡದ ಚಿತ್ರ ಬರೆದು ಅಂಟಿಸಿದ್ದರು. ಹಾಕಿ ಅರ್ಧ ಗಂಟೆ ಕಾಯಬೇಕು ಅನ್ನೋದನ್ನ ಹೇಗೆ ಬರೆಯೋದು ಅಂತ ಗೊತ್ತಾಗದೆ ಒಬ್ಬಳು ಕೊಡದ ಪಕ್ಕ ಮಲಗಿದ ಬೆಕ್ಕು ಬರೆದಿದ್ದಳು.

ಮೊಳೆ ಎಣಿಸಿದೆ, ಕೋಣೆಗೆ ಆರೇ ಇವೆ. ಇನ್ನೂ ಹೊಡೆಸಬೇಕು. ಕಪಾಟಿನ ಮಾತಿಗೆ ಹೆಡ್ ಮಾಸ್ತರು ಒಪ್ಪಿದ್ದಾರೆ.

ಚಂಚಿ ಆಯಿಯೂ ಬಂದಿದ್ದಳು. ಡಬ್ಬಿ ಕೊಟ್ಟರೆ ಒಲ್ಲೆ ಅಂದಳು, ಸೊಂಟಕ್ಕೆ ಸಿಗಿಸೋಕೆ ಬರಲ್ಲ ಅಂತ. ಅದಕ್ಕೆ ಊರ ದರ್ಜಿ ಹತ್ತಿರ ಒಂದು ಚಂಚಿ ಹೊಲಿಸಿದೆ. ಅಡಿಕೆ ಎಲೆಗೆ ಒಂದು ಖಾನೆ, ಗುಳಿಗೆಗೆ ಎರಡು. ಒಂದಕ್ಕೆ ಹಳದಿ ದಾರದಲ್ಲಿ ಸೂರ್ಯ, ಇನ್ನೊಂದಕ್ಕೆ ಬಿಳಿ ದಾರದಲ್ಲಿ ಚಂದ್ರ. ಸ್ಟ್ರಿಪ್ ತುಂಡು ಹಿಡಿಯೋ ಅಷ್ಟು ಅಗಲ, ಒಳಗೆ ಪ್ಲಾಸ್ಟಿಕ್ ಹಾಳೆ. ಆಯಿಗೆ ಬಹಳ ಖುಷಿ. ಮೂರು ದಿನ ಬಿಟ್ಟು ಮನೆಗೆ ಹೋಗಿ "ಆಯಿ, ತೋರಿಸು" ಅಂದೆ. ಸೂರ್ಯನ ಖಾನೆಯಲ್ಲಿ ಬಿಪಿ ಗುಳಿಗೆ ಸ್ಟ್ರಿಪ್ ಸಮೇತ ಇತ್ತು, ತಾರೀಕಿನ ತುದಿ ಹಾಗೇ ಉಳಿದಿತ್ತು. ಚಂದ್ರನ ಖಾನೆಯಲ್ಲಿ ತಂಬಾಕು ಇತ್ತು. "ರಾತ್ರಿ ಗುಳಗಿ ಡಾಕ್ಟರು ಬಿಡಸ್ಯಾರ್ರಿ ಸರ, ಖಾಲಿ ಯಾಕ ಬಿಡ್ಲಿ" ಅಂದಳು.

ನಾಳೆ ದರ್ಜಿ ಹತ್ತಿರ ಇನ್ನು 20 ಚಂಚಿ ಹೇಳಬೇಕು. ಈ ಸಲ ತಂಬಾಕಿಗೂ ಒಂದು ಖಾನೆ ಸೇರಿಸಿ.